ಪೊರಕೆ, ಉಪ್ಪು ಮತ್ತು ಮರಗಪ್ಪೆ

ಸಿಡ್ನಿಯಲ್ಲಿ ಮನೆಯೊಳಗೆ ಮರಗಪ್ಪೆ ಸಾಕುತ್ತೇವೆ ಅಂದರೆ ನಮ್ಮೂರು ಚಿಂತಾಮಣಿ ಕಡೆಯಿಂದ ಬರುವ ಉತ್ತರ ಒಂದೇ: "ಅಯ್ಯೋ, ಬಚ್ಚಲುಮನೆ ಕಪ್ಪೆಗೆ ಗಾಜಿನ ಮನೆಯಾ? ಉಪ್ಪು ಹಾಕಿ ಪೊರಕೇಲಿ ಆಚೆಗೆ ತಳ್ಳೋದು ಬಿಟ್ಟು!"

ಈ ಉಪ್ಪಿನ ಮಾತು ಕೇಳಿದರೆ ಮೈ ಉರಿಯುತ್ತದೆ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ; ಉಸಿರಾಟವೂ ಒಂದಷ್ಟು ಅಲ್ಲಿಂದಲೇ. ಆ ಒದ್ದೆ ಮೈಮೇಲೆ ಬಿದ್ದ ಉಪ್ಪು ಒಳಗಿನ ನೀರನ್ನೆಲ್ಲ ಎಳೆದುಬಿಡುತ್ತದೆ. ಮಳೆ ಕೈಕೊಟ್ಟ ವರ್ಷ ಅದೇ ಕಪ್ಪೆಗೆ ಮದುವೆ ಮಾಡಿ ಅರಿಶಿನ ಕುಂಕುಮ ಬಳಿಯುವವರೂ ನಾವೇ.

ಇಲ್ಲಿ ದತ್ತು ಬರುವ ಹಸಿರು ಮರಗಪ್ಪೆಗಳಲ್ಲಿ ಕೆಲವು ಕ್ವೀನ್ಸ್‌ಲ್ಯಾಂಡಿನ ಬಾಳೆಹಣ್ಣಿನ ಪೆಟ್ಟಿಗೆಯಲ್ಲಿ ಅಡಗಿ ಬಂದವು. ಕಪ್ಪೆಗಳ ಚರ್ಮಕ್ಕೆ ತಗಲಿ ಕೊಲ್ಲುವ ಕಿಟ್ರಿಡ್ ಎಂಬ ಶಿಲೀಂಧ್ರ ಹರಡೀತೆಂಬ ಭಯಕ್ಕೆ ಅವನ್ನು ಹೊರಗೆ ಬಿಡುವಂತಿಲ್ಲ. ಬೇರೆಯಾಗಿಟ್ಟು ರೋಗವಿಲ್ಲವೆಂದು ನೋಡಿಕೊಂಡು, ಪರವಾನಗಿ ಇದ್ದವರಿಗೆ ಕೊಡುತ್ತಾರೆ. ಎರಡಕ್ಕೆ 45 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ ಪೆಟ್ಟಿಗೆ ಸಾಕು. ಹಗಲು 24ರಿಂದ 28 ಡಿಗ್ರಿ ಬಿಸಿ, ಸಂಜೆಗೊಮ್ಮೆ ನೀರು ಸಿಂಪಡಣೆ. ಗಾಳಿಯಾಡದೆ ಸದಾ ತೇವವಿದ್ದರೆ ಚರ್ಮಕ್ಕೆ ಸೋಂಕು ತಗಲುತ್ತದೆ. ಇಲ್ಲಿನ ನಲ್ಲಿ ನೀರಲ್ಲಿ ಕ್ಲೋರಮೈನ್ ಎಂಬ ಕ್ಲೋರಿನ್ ಬೆರೆತ ರಾಸಾಯನಿಕ ಇರುತ್ತದೆ, ರಾತ್ರಿಯೆಲ್ಲ ಇಟ್ಟರೂ ಹೋಗುವುದಿಲ್ಲ; ಅದನ್ನು ಕಳೆಯುವ ದ್ರಾವಣ ಬೆರೆಸಲೇಬೇಕು. ದೊಡ್ಡ ಕಪ್ಪೆಗೆ ವಾರಕ್ಕೆ ಎರಡು ಮೂರು ಸಲ, ಕ್ಯಾಲ್ಸಿಯಂ ಪುಡಿ ಹಚ್ಚಿದ ನಾಲ್ಕೈದು ಕ್ರಿಕೆಟ್ ಹುಳು. ದಿನಾ ಹಾಕಿದರೆ ಬೊಜ್ಜು ಬಂದು ಕಣ್ಣಿನ ಮೇಲಿನ ಚರ್ಮ ಜೋತುಬೀಳುತ್ತದೆ.

ಇಷ್ಟೆಲ್ಲ ಮಾಡಿದರೂ ಮೊದಲ ಒಂದೆರಡು ವಾರ ಕಪ್ಪೆ ಉಸಿರೆತ್ತುವುದಿಲ್ಲ. ಆಗ ಮುಟ್ಟಬಾರದು. ಪೆಟ್ಟಿಗೆಯ ಮೂರು ಬದಿಗೆ ಕಾಗದ ಅಂಟಿಸಿ ಸುಮ್ಮನಿರಬೇಕು. ಆಮೇಲೊಂದು ರಾತ್ರಿ ಗಂಟಲಡಿಯ ಚೀಲ ಉಬ್ಬಿ "ಕ್ರಾಕ್, ಕ್ರಾಕ್" ಶುರು. ಹಾಗೆ ಕೂಗುವುದು ಗಂಡು. ಅದರ ಗಂಟಲ ಚರ್ಮ ಬೂದುಬಣ್ಣ, ಸುಕ್ಕುಸುಕ್ಕು. ಹೆಣ್ಣಿನದು ಬಿಳಿ, ನಯ. ಮಳೆ ಬರಲೇಬೇಕೆಂದಿಲ್ಲ, ನಲ್ಲಿ ತಿರುಗಿಸಿದರೂ ವ್ಯಾಕ್ಯೂಮ್ ಕ್ಲೀನರ್ ಗುಡುಗಿದರೂ ಉತ್ತರ ಕೊಡುತ್ತದೆ. ಕೈಯಲ್ಲಿ ಹಿಡಿದಾಗ ಚಿಕ್ಕದಾಗಿ ಚಿಟಗುಟ್ಟಿದರೆ "ಬಿಡು" ಎಂದರ್ಥ. ಬಾಯಿ ತೆರೆದು ಕಿರುಚಿದರೆ ಪ್ರಾಣಭಯ, ತಕ್ಷಣ ಬಿಡಬೇಕು. ಕೂಗುತ್ತಿದ್ದ ಗಂಡು ಮಂಕಾಗಿ, ಊಟ ಬಿಟ್ಟು, ಹಗಲೆಲ್ಲ ನೀರಿನ ಬಟ್ಟಲಲ್ಲೇ ಕೂತು, ಹೊಟ್ಟೆಯಡಿ ಕೆಂಪಾಗಿದ್ದರೆ ಪ್ರಾಣಿವೈದ್ಯರ ಬಳಿ ಒಯ್ಯಬೇಕು. ಒಂದು ಕಪ್ಪೆಯ ದನಿಯನ್ನು ಇಷ್ಟು ಗಮನಕೊಟ್ಟು ಕೇಳುವ ಅಭ್ಯಾಸ ನಮ್ಮೂರಲ್ಲಿ ಯಾಕಿಲ್ಲ? ನಮಗೆ ಅದೆಲ್ಲ ಬರೀ ವಟವಟ.

ಆದರೂ ಒಂದು ಮಾತು ಒಪ್ಪಲೇಬೇಕು. ಈ ಪೆಟ್ಟಿಗೆಯ ಗಂಡು ಎಷ್ಟು ಕೂಗಿದರೂ ಕೆರೆಗೆ ಹೋಗುವಂತಿಲ್ಲ. ಚಿಂತಾಮಣಿಯ ಬಚ್ಚಲುಗೋಡೆಗೆ ಅಂಟಿಕೊಂಡ ಕಂದು ಮರಗಪ್ಪೆ ತಾನಾಗಿ ಬಂದು ತಾನಾಗಿ ಹೋಗುತ್ತದೆ. ಮಳೆ ಬಿದ್ದರೆ ನೀರಿನ ತೊಟ್ಟಿಯ ಅಂಚಲ್ಲಿ ನೊರೆಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಬೋರ್‌ವೆಲ್ ನೀರಾದರೆ ಕ್ಲೋರಿನ್ ಕಾಟವೂ ಇಲ್ಲ. ಅದನ್ನು ಹಿಡಿದು ಸಾಕಬೇಕಾಗಿಯೇ ಇಲ್ಲ, ಸಾಕಲೂಬಾರದು.

ಒಳಗೆ ಬೇಡವಾದರೆ ಸೋಪು ತಾಗದ ಮಗ್ಗೊಂದನ್ನು ನೀರಲ್ಲಿ ಅದ್ದಿ ಕಪ್ಪೆಯ ಮೇಲೆ ಬೋರಲು ಹಾಕಿ, ಗಟ್ಟಿ ಕಾಗದವೊಂದನ್ನು ಅಡಿಗೆ ತೂರಿಸಿ. ಕತ್ತಲಾದ ಮೇಲೆ ಹಿತ್ತಲ ಬಾಳೆಗಿಡದ ಬುಡದಲ್ಲಿ ಬಿಡಿ. ಉಪ್ಪಿನ ಡಬ್ಬಿ ಅಡುಗೆಮನೆಯಲ್ಲೇ ಇರಲಿ.