ನನ್ನ ಮಗನ ಹೆಸರು, ಅಷ್ಟೇ

ಪ್ರತಿ ಬುಧವಾರ ಸಂಜೆ ನಾವು ಐದು ಜನ ಹೆಂಗಸರು ಒಂದು ಮನೆಯಲ್ಲಿ ಸೇರುತ್ತೇವೆ. ಮಕ್ಕಳಿಗೋಸ್ಕರ ಪ್ರಾರ್ಥನೆ ಮಾಡುತ್ತೇವೆ. ಅವರ ಪರೀಕ್ಷೆ, ಕೆಲಸ, ಮದುವೆ ಎಲ್ಲ ಮನೆಯಲ್ಲೇ ಕೇಳಿಕೊಂಡರಾಯಿತು. ಇಲ್ಲಿ ಕೇಳುವುದು ಅವರ ನಂಬಿಕೆಗೋಸ್ಕರ ಮಾತ್ರ. ಇರುವವರು ಯೇಸುವಿನ ಹತ್ತಿರವೇ ಉಳಿಯಲಿ, ದೂರ ಹೋದವರು ವಾಪಸ್ ಬರಲಿ ಅಂತ.

ಶುರುವಾಗಿ 8 ವರ್ಷ ಆಯಿತು. ಆಗ 11 ಜನ ಇದ್ದೆವು. ಕೆಲವರು ಊರು ಬಿಟ್ಟರು, ಒಬ್ಬರು ತೀರಿಕೊಂಡರು. ಇನ್ನು ಕೆಲವರು ಬರುವುದನ್ನು ನಿಲ್ಲಿಸಿದ್ದಕ್ಕೆ ಕಾರಣ ಏನು ಅಂತ ಮುಂದೆ ಹೇಳುತ್ತೇನೆ.

"ಅಷ್ಟು ವರ್ಷದಿಂದ ಕೇಳ್ತಿದ್ದೀರಲ್ಲ, ಏನಾದ್ರೂ ಸಿಕ್ತಾ?" ಅಂತ ಮೊನ್ನೆ ಒಬ್ಬ ಗೆಳತಿ ಕೇಳಿದಳು. ಕುಹಕ ಇರಲಿಲ್ಲ, ನಿಜವಾಗಿಯೇ ಕೇಳಿದಳು. ಆಗ ಸುಮ್ಮನೆ ನಕ್ಕೆ. ಇಲ್ಲಿ ಬರೆಯೋಣ ಅನಿಸಿತು. ಆದರೆ ಉತ್ತರ ನನ್ನ ತಪ್ಪಿನಿಂದಲೇ ಶುರುವಾಗಬೇಕು.

ನನ್ನ ಮಗನಿಗೆ ಆಗ 19. ಒಂದು ರಾತ್ರಿ ಅಡುಗೆಮನೆ ಬಾಗಿಲಿಗೆ ಒರಗಿ ನಿಂತ. ನಾನು ಪಾತ್ರೆ ತೊಳೆಯುತ್ತಿದ್ದೆ. "ಅಮ್ಮಾ, ಒಂದು ಮಾತು. ಬೈಬೇಡ" ಅಂದ. "ಪ್ರಾರ್ಥನೆ ಮಾಡುವಾಗ ಆ ಕಡೆ ಯಾರೂ ಇಲ್ಲ ಅನಿಸುತ್ತೆ. ತುಂಬ ದಿನದಿಂದ." ನಾನು ಬೈಯಲಿಲ್ಲ. ನಲ್ಲಿ ಮಾತ್ರ ನಿಲ್ಲಿಸಿದೆ. ಅವನು ಇನ್ನೂ ಸ್ವಲ್ಪ ಹೊತ್ತು ಮಾತಾಡಿದ. ಸಂಡೇ ಸ್ಕೂಲಿನಲ್ಲಿ ಕಲಿತ ಬೈಬಲ್ ವಚನಗಳೆಲ್ಲ ಈಗಲೂ ಬಾಯಿಪಾಠ ಇವೆಯಂತೆ, ಆದರೆ ಒಳಗೆ ಏನೂ ಅಲ್ಲಾಡುವುದಿಲ್ಲವಂತೆ. ಹೇಳಿ ಮುಗಿಸಿ, "ಸರಿ, ಮಲ್ಕೋತೀನಿ" ಅಂತ ಹೋದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬುಧವಾರ ಬಂತು. ಪ್ರಾರ್ಥನೆ ವಿಷಯ ಹೇಳುವ ಸರದಿ ನನ್ನದು. ಎಲ್ಲವನ್ನೂ ಹೇಳಿಬಿಟ್ಟೆ. ಅವನು ಬಾಗಿಲಿಗೆ ಒರಗಿ ನಿಂತಿದ್ದನ್ನೂ ಬಿಡಲಿಲ್ಲ. ಅಳುತ್ತಾ ಹೇಳಿದೆ. ಎಲ್ಲರೂ ನನ್ನ ಸುತ್ತ ಬಂದು ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಎಷ್ಟು ಹಗುರ ಆಯಿತು ಅಂದರೆ, ಮನೆಗೆ ಹಾಡು ಗುನುಗುತ್ತಾ ಬಂದೆ.

ಭಾನುವಾರ ಆರಾಧನೆ ಮುಗಿದು ಎಲ್ಲರೂ ಹೊರಗೆ ನಿಂತಿದ್ದೆವು. ನಮ್ಮ ಕೂಟಕ್ಕೆ ಬರದ ಒಬ್ಬ ಹಿರಿಯರು ನೇರವಾಗಿ ನನ್ನ ಮಗನ ಹತ್ತಿರ ಹೋದರು. ಹೆಗಲ ಮೇಲೆ ಕೈಯಿಟ್ಟರು. "ಮಗನೇ, ದೇವರಿಲ್ಲ ಅನ್ನಬಾರದು. ನಾವೆಲ್ಲ ನಿನಗೋಸ್ಕರ ಕಣ್ಣೀರಿಡ್ತಿದ್ದೀವಿ" ಅಂದರು. ಪ್ರೀತಿಯಿಂದಲೇ ಅಂದರು. ಅವನು ಅವರಿಗೆ ಏನೂ ಹೇಳಲಿಲ್ಲ. ತಿರುಗಿ ನನ್ನನ್ನು ನೋಡಿದ.

ದಾರಿಯುದ್ದಕ್ಕೂ ಮಾತಿಲ್ಲ. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಒಂದೇ ಮಾತು: "ನಾನು ನಿನಗೆ ಹೇಳಿದ್ದು."

ಅದಾದ ಮೇಲೆ ಎರಡು ವರ್ಷ ಅವನು ನನಗೆ ಏನನ್ನೂ ಹೇಳಲಿಲ್ಲ. ಊಟ ಆಯ್ತಾ, ಆಯ್ತು. ಹುಷಾರಾಗಿದ್ದೀಯಾ, ಹೂಂ. ಅಷ್ಟೇ. ಅವನ ನಂಬಿಕೆ ಉಳಿಯಲಿ ಅಂತ ಹೋಗಿ, ಅವನು ಬಾಯಿ ಬಿಡುತ್ತಿದ್ದ ಒಂದೇ ಒಂದು ಬಾಗಿಲನ್ನು ನಾನೇ ಮುಚ್ಚಿ ಬಂದಿದ್ದೆ.

ಯಾರು ಬಾಯಿ ಬಿಟ್ಟರು ಅಂತ ನಾನು ಹುಡುಕಲಿಲ್ಲ. ಸುಳ್ಳು ಯಾಕೆ, ಮೊದಲ ವಾರ ಹುಡುಕಿದೆ. ಆಮೇಲೆ ಹೊಳೆಯಿತು: ಬಾಯಿ ಬಿಟ್ಟವಳು ಮೊದಲು ನಾನೇ ಅಲ್ವಾ? ನಮ್ಮಲ್ಲಿ ಪ್ರಾರ್ಥನೆ ವಿಷಯ ಅನ್ನುವ ಹೆಸರಿನಲ್ಲಿ ಎಷ್ಟು ಸುದ್ದಿ ಓಡಾಡುತ್ತದೆ ಅಂತ ಗೊತ್ತಿರುವವರಿಗೆ ಗೊತ್ತು. "ಅವಳ ಮಗಳು ಬೇರೆ ಧರ್ಮದ ಹುಡುಗನ ಜೊತೆ ಓಡಾಡ್ತಿದ್ದಾಳಂತೆ" ಅಂದರೆ ಚಾಡಿ. ಅದರ ಕೊನೆಗೆ "ಪ್ರಾರ್ಥನೆ ಮಾಡಿ" ಅಂತ ಸೇರಿಸಿದರೆ ಭಾರ ಹೊತ್ತ ಹಾಗೆ. ವಾಟ್ಸಾಪ್ ಬಂದ ಮೇಲಂತೂ ಕೈ ಮುಗಿದ ಚಿತ್ರ ಒಂದು ಹಾಕಿ ಮುಂದಕ್ಕೆ ಕಳಿಸಿದರೆ ಮುಗಿಯಿತು.

ತಾಯಂದಿರ ಇಂಥ ಕೂಟಗಳು ಹೊಸದೇನಲ್ಲ. ಇಂಗ್ಲೆಂಡಿನಲ್ಲಿ 1876ರಲ್ಲಿ ಪಾದ್ರಿಯೊಬ್ಬರ ಹೆಂಡತಿ ಮೇರಿ ಸಮ್ನರ್ ಮದರ್ಸ್ ಯೂನಿಯನ್ ಶುರು ಮಾಡಿದರು. ಮೊದಲ ಸಭೆಯಲ್ಲಿ ಮಾತಾಡಲು ಭಯವಾಗಿ, ಬಂದ ಹೆಂಗಸರನ್ನು ಮುಂದಿನ ವಾರ ಬನ್ನಿ ಅಂತ ವಾಪಸ್ ಕಳಿಸಿದರಂತೆ. ಆ ಕಥೆ ನನಗೆ ಬಹಳ ಇಷ್ಟ. ಕೆನಡಾದಲ್ಲಿ 1984ರಲ್ಲಿ ಫರ್ನ್ ನಿಕೋಲ್ಸ್ ಅನ್ನುವ ತಾಯಿ, ದೊಡ್ಡ ಮಕ್ಕಳಿಬ್ಬರು ಹೊಸ ಶಾಲೆಗೆ ಹೋಗುವಾಗ ಆತಂಕವಾಗಿ ಇನ್ನೊಬ್ಬ ತಾಯಿಯನ್ನು ಕರೆದು ಜೊತೆಗೆ ಪ್ರಾರ್ಥಿಸಲು ಕೂತರು. ಅದೇ ಬೆಳೆದು ಈಗ ಮಾಮ್ಸ್ ಇನ್ ಪ್ರೇಯರ್ ಅನ್ನುವ ಹೆಸರಿನಲ್ಲಿ ಎಷ್ಟೋ ದೇಶಗಳಲ್ಲಿ ಇದೆ. ಅವರದು ಒಂದು ಗಂಟೆ. ಮೊದಲು ಸ್ತುತಿ, ಆಮೇಲೆ ಮೌನವಾಗಿ ಪಾಪ ಒಪ್ಪಿಕೊಳ್ಳುವುದು, ಆಮೇಲೆ ಕೃತಜ್ಞತೆ, ಕೊನೆಗೆ ಮಕ್ಕಳಿಗೋಸ್ಕರ ಬೇಡಿಕೆ. ಅದರ ಜೊತೆ ಒಂದು ನಿಯಮ: ಕೂಟದಲ್ಲಿ ಆಡಿದ ಮಾತು ಕೂಟದಲ್ಲೇ ಇರಬೇಕು. ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ನಾವು ಆ ನಿಯಮ ಮಾಡಿಕೊಳ್ಳಲು ನನ್ನ ಮಗ ಬೆಲೆ ತೆರಬೇಕಾಯಿತು.

ಈಗ ನಮ್ಮ ಕೂಟದಲ್ಲಿ ವಿಷಯ ಹೇಳುವ ಹಾಗಿಲ್ಲ. ಮಗುವಿನ ಹೆಸರು ಮಾತ್ರ. ಬೇಕಿದ್ದರೆ ಒಂದು ವಚನ. "ಏನಾಯ್ತು?" ಅಂತ ಯಾರೂ ಕೇಳಬಾರದು. ಈ ನಿಯಮ ತಂದಾಗಲೇ ಕೆಲವರು ಬಿಟ್ಟರು. "ವಿಷಯ ಗೊತ್ತಿಲ್ಲದೆ ಹೇಗೆ ಪ್ರಾರ್ಥನೆ ಮಾಡೋದು?" ಅಂತ ಅವರ ಪ್ರಶ್ನೆ. ಅದರಲ್ಲಿ ಅರ್ಥ ಇಲ್ಲ ಅನ್ನಲ್ಲ. ಹೆಣ್ಣುಮಕ್ಕಳು ಮನಸ್ಸು ಬಿಚ್ಚುವುದಕ್ಕೆ ಇರುವ ಜಾಗಗಳೇ ಕಮ್ಮಿ. ಅದನ್ನೂ ಮುಚ್ಚಿಬಿಟ್ಟರೆ ಎಲ್ಲಿ ಹೋಗಬೇಕು? ಹಾಗಾಗಿ ನಮ್ಮದೇ ಸಂಕಟ ಎಷ್ಟು ಬೇಕಾದರೂ ಹೇಳಿಕೊಳ್ಳಬಹುದು ಅಂತ ಮಾಡಿದೆವು. ನನ್ನ ಭಯ, ನನ್ನ ಕೋಪ, ನನ್ನ ಹೊಟ್ಟೆಕಿಚ್ಚು. ಹೌದು, ಬೇರೆಯವರ ಮಕ್ಕಳು ಕ್ವಾಯರ್‌ನಲ್ಲಿ ಹಾಡುವಾಗ ಹೊಟ್ಟೆ ಉರಿಯುತ್ತದೆ, ಅದನ್ನೂ. ಮಗನ ಗುಟ್ಟು ಮಾತ್ರ ಅವನದು.

ನಮ್ಮಲ್ಲಿ ಹಿರಿಯ ಅಕ್ಕ ಒಬ್ಬರಿದ್ದಾರೆ. ಅವರ ಮಗಳಿಗೆ ಈಗ 46. ಚರ್ಚಿನ ಕಡೆ ತಲೆ ಹಾಕಿ 20 ವರ್ಷದ ಮೇಲಾಯಿತು. ಈ ಅಕ್ಕ ಪ್ರಾರ್ಥಿಸುವುದನ್ನು ನೀವು ನೋಡಬೇಕು. ಕಣ್ಣು ಮುಚ್ಚುವುದಿಲ್ಲ. ಮಂಡಿನೋವು, ಮೊಣಕಾಲೂರಲು ಆಗಲ್ಲ, ಕುರ್ಚಿಯಲ್ಲೇ ಕೂತು ಎರಡೂ ಅಂಗೈಗಳನ್ನು ತೊಡೆಯ ಮೇಲೆ ತೆರೆದಿಡುತ್ತಾರೆ. "ಕರ್ತನೇ" ಅಂದು ಮಗಳ ಹೆಸರು ಹೇಳುತ್ತಾರೆ. ಆಮೇಲೆ ಮಾತಿಲ್ಲ. ಎರಡು ನಿಮಿಷ, ಒಮ್ಮೊಮ್ಮೆ ಐದು ನಿಮಿಷ. ಗೋಡೆ ಗಡಿಯಾರದ ಸದ್ದು ಕೇಳಿಸುತ್ತಿರುತ್ತದೆ. ಕೊನೆಗೆ ಅಂಗೈಗಳನ್ನು ಮೆಲ್ಲಗೆ ಕವುಚಿ "ಆಮೆನ್" ಅನ್ನುತ್ತಾರೆ. ಮೊದಮೊದಲು ನನಗೆ ಆ ಮೌನ ತಡೆದುಕೊಳ್ಳಲು ಆಗುತ್ತಿರಲಿಲ್ಲ. ನಾನು ದೇವರಿಗೆ ಪಟ್ಟಿ ಕೊಡುವವಳು. ಇಂಥ ಗೆಳೆಯರನ್ನು ದೂರ ಮಾಡು, ಇಂಥ ಪಾಸ್ಟರ್ ಸಂದೇಶ ಕೇಳುವ ಹಾಗೆ ಮಾಡು, ಈಸ್ಟರ್ ಒಳಗೆ ಮಾಡು. ದೇವರಿಗೇ ಟೈಮ್‌ಟೇಬಲ್.

ಒಂದು ದಿನ ಕೇಳಿಯೇಬಿಟ್ಟೆ. "ಅಕ್ಕಾ, ಆ ಹೊತ್ತಲ್ಲಿ ಒಳಗೊಳಗೆ ಏನು ಹೇಳ್ತೀರಿ?"

"ಏನೂ ಇಲ್ಲ ಕಣೇ. ಹೇಳೋದೆಲ್ಲ ಮುಗಿದು ಬಹಳ ವರ್ಷ ಆಯ್ತು. ಸುಮ್ನೆ ಅವಳ ಜೊತೆ ಕೂತಿರ್ತೀನಿ."

ಸಂತ ಮೋನಿಕಾಳ ಕಥೆ ಹೇಳದೆ ಯಾವ ತಾಯಂದಿರ ಕೂಟವೂ ಮುಗಿಯುವುದಿಲ್ಲ. ಮುಂದೆ ಚರ್ಚಿನ ದೊಡ್ಡ ಗುರುವಾದ ಮಗ ಅಗಸ್ಟೀನನಿಗಾಗಿ ವರ್ಷಗಟ್ಟಲೆ ಅತ್ತಳು, ಮಗ ತಿರುಗಿಬಂದ, ನೀನೂ ಅಳು, ನಿನ್ನ ಮಗನೂ ಬರುತ್ತಾನೆ. ಹೀಗೆ ಹೇಳುತ್ತೇವೆ. ಇಷ್ಟು ಕಣ್ಣೀರು ಹಾಕಿದರೆ ಇಷ್ಟು ಫಲ ಅನ್ನುವ ಲೆಕ್ಕದ ಹಾಗೆ. ಆದರೆ ಅಗಸ್ಟೀನ್ ತಾನೇ ಬರೆದಿಟ್ಟಿರುವುದನ್ನು ಓದಿದರೆ ಕಥೆ ಬೇರೆ ಥರ ಇದೆ.

ಅವನು ಹುಟ್ಟಿದ್ದು 354ರಲ್ಲಿ, ಉತ್ತರ ಆಫ್ರಿಕಾದಲ್ಲಿ. ಓದಲು ಹೋದವನು ಮಾನಿ ಅನ್ನುವವನ ಪಂಥಕ್ಕೆ, ಚರ್ಚ್ ತಪ್ಪು ಅನ್ನುತ್ತಿದ್ದ ಪಂಥಕ್ಕೆ, ಸೇರಿಕೊಂಡ. ತಾಯಿ ಒಬ್ಬ ಬಿಷಪ್ಪರ ಹತ್ತಿರ ಹೋಗಿ, ನನ್ನ ಮಗನ ಜೊತೆ ಮಾತಾಡಿ ಅಂತ ಬೇಡಿಕೊಂಡಳು. ಅವರು ಒಪ್ಪಲಿಲ್ಲ. ಅವನು ಈಗ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ, ಹಾಗೇ ಬಿಡು, ಅವನಿಗಾಗಿ ಪ್ರಾರ್ಥನೆ ಮಾಡು, ಓದುತ್ತಾ ಓದುತ್ತಾ ತಾನೇ ತಿಳಿದುಕೊಳ್ಳುತ್ತಾನೆ ಅಂದರು. ತಾನೂ ಚಿಕ್ಕಂದಿನಲ್ಲಿ ಅದೇ ಪಂಥದಲ್ಲಿ ಬೆಳೆದವನು, ಓದಿಯೇ ಹೊರಗೆ ಬಂದೆ ಅಂತಲೂ ಹೇಳಿದರು. ಅವಳು ಬಿಡಲಿಲ್ಲ, ಅಳುತ್ತಲೇ ಇದ್ದಳು. ಕೊನೆಗೆ ಬಿಷಪ್ಪರಿಗೆ ಬೇಜಾರಾಯಿತು. ಹೋಗಮ್ಮಾ, ಇಷ್ಟು ಕಣ್ಣೀರಿನ ಮಗ ಹಾಳಾಗಲು ಸಾಧ್ಯವಿಲ್ಲ ಅಂತ ಕಳಿಸಿದರು. ನಾವು ಆ ಕೊನೆಯ ಮಾತನ್ನು ಮಾತ್ರ ಚೌಕಟ್ಟು ಹಾಕಿ ಇಟ್ಟುಕೊಂಡಿದ್ದೇವೆ. ಅದನ್ನು ಅವರು ಸಾಕಾಗಿ ಹೇಳಿದ್ದು. ಅದಕ್ಕಿಂತ ಮೊದಲು ಹೇಳಿದ್ದು, ಹಾಗೇ ಬಿಡು ಅಂತ. ಅದು ನಮಗೆ ಕೇಳಿಸುವುದೇ ಇಲ್ಲ.

ಇನ್ನೊಂದು ಘಟನೆ ಇದೆ. ಅಗಸ್ಟೀನ್ ರೋಮ್‌ಗೆ ಹೊರಟಾಗ ಮೋನಿಕಾ ಬೇಡ ಅಂತ ಹಿಡಿದುಕೊಂಡಳು, ಇಲ್ಲವೇ ನಾನೂ ಬರುತ್ತೇನೆ ಅಂದಳು. ಅವನು ಸುಳ್ಳು ಹೇಳಿದ. ಗೆಳೆಯನ ಹಡಗು ಹೊರಡುವ ತನಕ ಅವನ ಜೊತೆ ಇರುತ್ತೇನೆ ಅಂದ. ಅವಳು ಕಾರ್ಥೇಜಿನ ಬಂದರಿನ ಹತ್ತಿರ ಸಂತ ಸಿಪ್ರಿಯನ್ ಹೆಸರಿನ ಪ್ರಾರ್ಥನಾಲಯದಲ್ಲಿ ರಾತ್ರಿ ಕಳೆದಳು, ಮಗ ಹೋಗದಿರಲಿ ಅಂತ ಬೇಡುತ್ತಾ. ಬೆಳಗಾಗುವಷ್ಟರಲ್ಲಿ ಹಡಗು ಹೋಗಿತ್ತು. ಆ ರಾತ್ರಿಯ ಪ್ರಾರ್ಥನೆಗೆ ಸಿಕ್ಕ ಉತ್ತರ 'ಇಲ್ಲ'. ಆದರೆ ಅವನು ನಂಬಿಕೆಗೆ ಬಂದದ್ದು ಅದೇ ಇಟಲಿಯಲ್ಲಿ. ಮಿಲಾನಿನಲ್ಲಿ 386ರಲ್ಲಿ ಮನಸ್ಸು ತಿರುಗಿತು. 387ರ ಈಸ್ಟರ್‌ನಲ್ಲಿ ಬಿಷಪ್ ಆಂಬ್ರೋಸ್ ಅವರಿಂದ ದೀಕ್ಷಾಸ್ನಾನ ಪಡೆದ. ತಾಯಿ ಅಷ್ಟರಲ್ಲಿ ಸಮುದ್ರ ದಾಟಿ ಅಲ್ಲಿಗೆ ಬಂದಿದ್ದಳು, ಅವಳು ಬಿಡುತ್ತಾಳಾ? ಅದೇ ವರ್ಷ ತೀರಿಕೊಂಡಳು, 56ನೇ ವಯಸ್ಸಿನಲ್ಲಿ. ಅವತ್ತು ಅವಳು ಕೇಳಿದ್ದನ್ನು ದೇವರು ಕೊಡಲಿಲ್ಲ, ಅವಳು ಯಾವಾಗಲೂ ಕೇಳುತ್ತಿದ್ದದ್ದನ್ನು ಕೊಡುವುದಕ್ಕಾಗಿ ಅಂತ ಮಗನೇ ಆಮೇಲೆ ಬರೆದ.

ನನಗೆ ಆ ಬಂದರಿನ ರಾತ್ರಿ ಬಹಳ ಬೇಕು. ನನ್ನ ಪಟ್ಟಿಯಲ್ಲಿದ್ದ ಎಷ್ಟು ವಿಷಯಗಳು ಹಡಗು ನಿಲ್ಲಿಸುವ ಪ್ರಾರ್ಥನೆಗಳಾಗಿದ್ದವೋ.

ಹಾಗಂತ ಎಲ್ಲ ಕಥೆಯೂ ಹೀಗೇ ಮುಗಿಯುತ್ತದೆ ಅಂತ ಹೇಳಲು ನನಗೆ ಧೈರ್ಯ ಇಲ್ಲ. ನಮ್ಮ ಸತ್ಯವೇದ ಬೈಬಲಿನಲ್ಲೇ ನೋಡಿ. ಮಕ್ಕಳಿಲ್ಲದ ಹನ್ನಳು ದೇವಾಲಯದಲ್ಲಿ ತುಟಿ ಮಾತ್ರ ಅಲ್ಲಾಡಿಸುತ್ತಾ ಬೇಡಿದಳು, ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡ. ಮಗ ಸಮುವೇಲ ಹುಟ್ಟಿದ, ದೊಡ್ಡ ಪ್ರವಾದಿಯಾದ. ನಾವು ಅಲ್ಲಿಗೆ ಪುಸ್ತಕ ಮುಚ್ಚುತ್ತೇವೆ. ಏಲಿಯ ಗಂಡುಮಕ್ಕಳು ದೇವರ ಮನೆಯಲ್ಲೇ ಬೆಳೆದು ದುಷ್ಟರಾದರು. ಅದು ಗೊತ್ತಿರುವ ವಿಷಯ. ಸಮುವೇಲನ ಮಕ್ಕಳು? ಅವರೂ ತಂದೆಯ ದಾರಿ ಹಿಡಿಯಲಿಲ್ಲ, ಲಂಚ ತಿಂದು ನ್ಯಾಯ ಕೆಡಿಸಿದರು ಅಂತ ಸಮುವೇಲನ ಮೊದಲ ಪುಸ್ತಕದ 8ನೇ ಅಧ್ಯಾಯದಲ್ಲಿದೆ. ಅಷ್ಟು ಪ್ರಾರ್ಥನೆ ಮಾಡಿದ ಹನ್ನಳ ಮೊಮ್ಮಕ್ಕಳು ಅವರು! ನಂಬಿಕೆ ಏನು ಬಂಗಾರದ ಸರವೇ, ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಕೊರಳಿಗೆ ಹಾಕಿಬಿಡಲು? ಯೇಸುವಿನ ಸಂದೇಶ ಸಾರಿದ ಪೌಲನ ಶಿಷ್ಯ ತಿಮೊಥೆಯನ ಅಜ್ಜಿ ಲೋವಿ, ತಾಯಿ ಯೂನೀಕೆ ಇಬ್ಬರ ನಂಬಿಕೆಯನ್ನು ಪೌಲ ಹೊಗಳಿದ್ದಾನೆ, ನಿಜ. ಅದು ಸಂತೋಷದ ಮಾತು. ಗ್ಯಾರಂಟಿ ಪತ್ರ ಅಲ್ಲ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಮಗ ಚರ್ಚ್ ಬಿಟ್ಟರೆ ಮೊದಲು ಕಟಕಟೆಗೆ ಏರಿಸುವುದು ತಾಯಿಯನ್ನು. "ನೀನು ಸರಿಯಾಗಿ ಪ್ರಾರ್ಥನೆ ಮಾಡಿದ್ರೆ ಹೀಗಾಗ್ತಿರಲಿಲ್ಲ." ಈ ಮಾತನ್ನು ನನಗೆ ಮುಖದ ಮೇಲೆ ಹೇಳಿದವರಿದ್ದಾರೆ. ಅಪ್ಪಂದಿರನ್ನು ಯಾರೂ ಕೇಳುವುದಿಲ್ಲ. ಯೇಸು ಹೇಳಿದ ತಪ್ಪಿಹೋದ ಮಗನ ಕಥೆಯಲ್ಲಿ ದಾರಿ ಕಾಯುವವನು ಅಪ್ಪ, ಓಡಿಹೋಗಿ ತಬ್ಬಿಕೊಳ್ಳುವವನೂ ಅವನೇ. ನಮ್ಮ ಚರ್ಚುಗಳಲ್ಲಿ ಆ ಕೆಲಸವನ್ನು ಅದ್ಯಾವಾಗ ಅಮ್ಮಂದಿರಿಗೆ ಗುತ್ತಿಗೆ ಕೊಟ್ಟರೋ! ಇದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಇಲ್ಲ ಅಂದರೆ ಇದು ಮುಗಿಯಲ್ಲ.

ಹಾಗಾದರೆ ಒಟ್ಟಿಗೆ ಯಾಕೆ ಸೇರಬೇಕು, ಮನೆಯಲ್ಲೇ ಒಬ್ಬಳೇ ಪ್ರಾರ್ಥಿಸಿದರೆ ಆಗಲ್ವಾ? ಆಗುತ್ತದೆ. ನಾನೂ ಮಾಡುತ್ತೇನೆ. ಆದರೆ ಒಬ್ಬಳೇ ಕೂತಾಗ ನನ್ನ ಪ್ರಾರ್ಥನೆ ಬೇಗ ಲೆಕ್ಚರ್ ಆಗಿಬಿಡುತ್ತದೆ. ಕಣ್ಣು ಮುಚ್ಚಿ ಮಗನಿಗೆ ಬುದ್ಧಿ ಹೇಳುತ್ತಿರುತ್ತೇನೆ, ದೇವರು ನಡುವೆ ಕೂತು ಕೇಳಿಸಿಕೊಳ್ಳುತ್ತಿರಬೇಕು ಪಾಪ. ಬುಧವಾರ ಹಾಗಲ್ಲ. ನನ್ನ ಮಗನ ಹೆಸರನ್ನು ಬೇರೆ ಹೆಂಗಸು ಹೇಳುತ್ತಾಳೆ. ಅವಳಿಗೆ ಅವನ ಮೇಲೆ ಕೋಪ ಇಲ್ಲ. ಅವನು ಎದುರುತ್ತರ ಕೊಟ್ಟದ್ದು ನೆನಪಿಲ್ಲ. ಅವಳ ಬಾಯಲ್ಲಿ ಅವನ ಹೆಸರು ಸ್ವಚ್ಛವಾಗಿರುತ್ತದೆ. ಹಾಗೆ ಕೇಳಿಸಿಕೊಂಡು ಮನೆಗೆ ಬಂದ ದಿನ ನಾನು ಅವನ ಮೇಲೆ ರೇಗುವುದಿಲ್ಲ. ವಚನ ಫಾರ್ವರ್ಡ್ ಮಾಡುವುದಿಲ್ಲ. ಭಾನುವಾರ ಬೆಳಗ್ಗೆ ರೂಮಿನ ಬಾಗಿಲು ತಟ್ಟುವುದನ್ನು ನಿಲ್ಲಿಸಿ ಐದು ವರ್ಷ ಆಯಿತು. ನಿಲ್ಲಿಸಲು ನನಗೆ ಬಲ ಸಿಕ್ಕಿದ್ದು ಆ ಕೋಣೆಯಲ್ಲಿ.

ಗೆಳತಿ ಕೇಳಿದ್ದಕ್ಕೆ ಉತ್ತರ ಅಂದರೆ ಇಷ್ಟೇ. ಅಕ್ಕನ ಮಗಳು ಇನ್ನೂ ಬಂದಿಲ್ಲ. ನನ್ನ ಮಗನೂ ಬಂದಿಲ್ಲ. ಐವರಲ್ಲಿ ಒಬ್ಬಳ ಮಗಳು ಬಂದಳು, ಅದೂ ಬೇರೆ ಚರ್ಚಿಗೆ, ಅಮ್ಮನಿಗೆ ಅಷ್ಟಾಗಿ ಹಿಡಿಸದ ಚರ್ಚಿಗೆ. ನಾವೆಲ್ಲ ಅಂದು ನಕ್ಕು ನಕ್ಕು ಅತ್ತೆವು.

ಮಗ ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾನೆ. ಹೋದ ತಿಂಗಳು ಒಂದು ಮಂಗಳವಾರ ರಾತ್ರಿ ಫೋನ್ ಮಾಡಿದ. ಅವನು ತಾನಾಗಿ ಮಾಡುವುದು ಅಪರೂಪ. ಅದೂ ಇದೂ ಮಾತಾಡಿದ ಮೇಲೆ, "ನಾಳೆ ಬುಧವಾರ ಅಲ್ವಾ? ಈಗ್ಲೂ ಹೋಗ್ತೀಯಾ?" ಅಂದ.

"ಹೂಂ."

"ನನ್ನ ಬಗ್ಗೆ ಹೇಳ್ತೀಯಾ?"

"ಹೆಸರು ಮಾತ್ರ. ಬೇರೇನೂ ಹೇಳಲ್ಲ."

ಸ್ವಲ್ಪ ಹೊತ್ತು ಆ ಕಡೆಯಿಂದ ಏನೂ ಕೇಳಿಸಲಿಲ್ಲ. ಲೈನ್ ಹೋಯಿತೇನೋ ಅಂದುಕೊಂಡೆ.

"ನನ್ನ ರೂಮ್‌ಮೇಟ್ ಇದ್ದಾನಲ್ಲ, ಅವನ ಹೆಸರೂ ಹೇಳು" ಅಂದ. "ಏನಾಗಿದೆ ಅಂತ ಕೇಳ್ಬೇಡ."

ನಾನು ಕೇಳಲಿಲ್ಲ. ಮರುದಿನ ನನ್ನ ಸರದಿ ಬಂದಾಗ ಎರಡು ಹೆಸರು ಹೇಳಿದೆ. ಎರಡನೆಯದು ಯಾರು ಅಂತ ಯಾರೂ ಕೇಳಲಿಲ್ಲ. ಅಕ್ಕ ಅಂಗೈ ತೆರೆದಿಟ್ಟು ಎರಡನ್ನೂ ಒಮ್ಮೆ ಮೆಲ್ಲಗೆ ಹೇಳಿಕೊಂಡರು.