ರಜೆ ಉಂಟಾ ಮಾರಾಯ್ರೆ?

ಮಳೆಗಾಲದಲ್ಲಿ ಮಂಗಳೂರಿನ ಜಿಲ್ಲಾಧಿಕಾರಿಗಳನ್ನು ಬಿಟ್ಟರೆ ಅತಿ ಹೆಚ್ಚು ಫೋನ್ ಬರುವುದು ಬಹುಶಃ ನನ್ನಂತೆ ಟಿವಿಯಲ್ಲಿ ವಾರ್ತೆ ಓದುವವರಿಗೆ. ಬೆಳಕು ಹರಿಯುವ ಮೊದಲೇ ಶುರು. "ಇವತ್ತು ಶಾಲೆಗೆ ರಜೆ ಉಂಟಾ ಮಾರಾಯ್ರೆ?" ಆದೇಶ ಇನ್ನೂ ಬಂದಿಲ್ಲ ಎಂದರೆ, "ನೀವೊಮ್ಮೆ ಹೇಳಿ ನೋಡಿ" ಎನ್ನುತ್ತಾರೆ. ಯಾರಿಗೆ ಹೇಳುವುದು, ಮೋಡಕ್ಕಾ? ರಜೆ ಸಾರಿದ ದಿನವೇ ಚುರುಚುರು ಬಿಸಿಲು ಬಿದ್ದರೆ ಸಂಜೆ ಇನ್ನೊಂದು ಸುತ್ತು: "ಎಂತದು, ಸುಮ್ಮನೆ ರಜೆ ಕೊಟ್ರಲ್ಲ! ಮಕ್ಕಳನ್ನು ಮನೇಲಿ ಸುಧಾರಿಸುವವರು ಯಾರು?"

ರೇಡಿಯೋದಲ್ಲಿ ಈ ತಾಪತ್ರಯ ಇರಲಿಲ್ಲ. ಮೊದಲು ನಾನು ಆಕಾಶವಾಣಿಯಲ್ಲಿ ತಾತ್ಕಾಲಿಕ ಉದ್ಘೋಷಕ. ಮಂಗಳೂರು ನಿಲಯ 1976ರಲ್ಲಿ ಶುರುವಾದದ್ದು. ಕದ್ರಿ ಗುಡ್ಡೆಯ ಸ್ಟುಡಿಯೋದಲ್ಲಿ ಆಡಿದ ಮಾತು ಮೀಡಿಯಂ ವೇವ್‌ನಲ್ಲಿ ಅತ್ತ ಬ್ರಹ್ಮಾವರದ ಟವರಿನಿಂದ ಹಾರುತ್ತಿತ್ತು. ನನ್ನ ಮುಖ ಮಾತ್ರ ಎಲ್ಲಿಗೂ ಹಾರುತ್ತಿರಲಿಲ್ಲ, ಅದೇ ಸುಖ. ಇಸ್ತ್ರಿ ಕಾಣದ ಅಂಗಿಯಲ್ಲೇ ಗಂಭೀರವಾಗಿ ಸಮಯ ಹೇಳಿ ಗುಡ್ಡೆ ಇಳಿದುಬಂದರೆ ನಾಯಿಯೂ ಮೂಸುತ್ತಿರಲಿಲ್ಲ. ಒಮ್ಮೆ ಮಾತ್ರ "ಬಿಜೈಗೆ ಬಿಡಿ" ಎಂದಾಗ ರಿಕ್ಷಾದವರು ಕನ್ನಡಿಯಲ್ಲಿ ನನ್ನನ್ನೇ ದಿಟ್ಟಿಸಿದರು. "ನಿಮ್ಮ ಸ್ವರ ಕೇಳಿದ ಹಾಗುಂಟು." ನಾನು ಎದೆ ಉಬ್ಬಿಸಿದೆ. "ಎಲ್‌ಐಸಿಯವರಲ್ವಾ?"

ಆಮೇಲೆ ಊರಿನದೇ ಒಂದು ಕೇಬಲ್ ಚಾನೆಲ್ ಸೇರಿದೆ. ಸ್ಟುಡಿಯೋ ಎಂದರೆ ಯಾರದೋ ಮನೆಯ ಮಲಗುವ ಕೋಣೆ. ಎಸಿ ಹಾಕಿದರೆ ಮೈಕಿನಲ್ಲಿ ಗುಂಯ್ ಅನ್ನುತ್ತದೆ, ಹಾಗಾಗಿ ವಾರ್ತೆ ಮುಗಿಯುವವರೆಗೆ ಎಸಿ ಬಂದ್. ಮಂಗಳೂರಿನ ಸೆಕೆಯಲ್ಲಿ ಕೋಟು ಹಾಕಿ, ಟೈ ಬಿಗಿದು, ಮೂರು ಲೈಟುಗಳ ಎದುರು ನಗುಮೊಗದಲ್ಲಿ ಕೂರುವುದನ್ನು ಕೆಲಸ ಎನ್ನುವುದಕ್ಕಿಂತ ಹರಕೆ ಎನ್ನಬಹುದು.

ಮೊದಲ ಮಳೆ ಬಿದ್ದ ಒಂದು ಸಂಜೆ ಶಿರಾಡಿ ಘಾಟಿಯ ಗುಡ್ಡ ಕುಸಿತದ ಸುದ್ದಿ ಓದುತ್ತಿದ್ದೆ. ಬೆಳಕು ಕಂಡ ಹಾತೆಗಳು ಕಿಟಕಿ ಸಂದಿಯಿಂದ ನುಗ್ಗಿದವು. ಒಂದು ಹಾತೆ, ಓದಬೇಕಾದ ಸಾಲು ಮೂಡುವ ಪ್ರಾಂಪ್ಟರಿನ ಗಾಜಿನ ಮೇಲೆ ಕೂತು, ಸರಿಯಾಗಿ 'ಸಂಚಾರ' ಎಂಬ ಪದದ ಮೇಲೆ ರೆಕ್ಕೆ ಉದುರಿಸಿತು. ಇನ್ನೊಂದು ನನ್ನ ಕಾಲರಿನಿಂದ ಗಲ್ಲಕ್ಕೆ, ಗಲ್ಲದಿಂದ ಮೂಗಿಗೆ ನಿಧಾನವಾಗಿ ಘಾಟಿ ಹತ್ತತೊಡಗಿತು. ಕಿವಿಯೊಳಗೆ ಪ್ರೊಡ್ಯೂಸರ್: "ಅಲ್ಲಾಡ್ಬೇಡಿ, ಅದರಷ್ಟಕ್ಕೆ ಹೋಗ್ತದೆ." ಹೋಯಿತು, ಕಣ್ಣಿಗೆ. ನೀರು ಧಾರಾಕಾರ ಇಳಿಯಿತು, ಓದು ನಿಲ್ಲಿಸಲಿಲ್ಲ. ಮರುದಿನ ದೇವಸ್ಥಾನದ ಎದುರು ಒಬ್ಬರು ಅಜ್ಜಿ ಕೈ ಹಿಡಿದುಕೊಂಡರು. "ರಸ್ತೆ ಬಂದ್ ಆದ್ದಕ್ಕೆ ಅಷ್ಟು ಅಳ್ತಾರಾ ಮಗಾ? ನಿಂದು ಹೂವಿನಂಥ ಮನಸ್ಸು." ಅವರಿಗೆ ಹಾತೆಯ ವಿಷಯ ಹೇಳುವ ಮನಸ್ಸು ನನಗಾಗಲಿಲ್ಲ. ಆ ಕೀರ್ತಿ ಈಗಲೂ ನಮ್ಮ ಬೀದಿಯಲ್ಲಿ ನಡೆಯುತ್ತಿದೆ.

ಮೀನು ಮಾರ್ಕೆಟಿನಲ್ಲಿ ಮಾತ್ರ ಕೀರ್ತಿ ನಡೆಯುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ಏನಿದ್ದರೂ ನಾಡದೋಣಿಯವರದ್ದೇ ಆಸರೆ. ರೆಡ್ ಅಲರ್ಟ್ ಬಂದರೆ ಅದಕ್ಕೂ ಕಲ್ಲು. ಬಂಗುಡೆಯ ರೇಟು ಕೇಳಿ "ಇಷ್ಟಾ?" ಎಂದೆ.

"ನಿನ್ನೆ ರಾತ್ರಿ ಕೋಟು ಹಾಕಿ 'ಮೀನುಗಾರರು ಕಡಲಿಗೆ ಇಳಿಯಬಾರದು' ಅಂದದ್ದು ಯಾರಣ್ಣಾ?" ಎಂದು ಮೀನು ಮಾರುವ ಅಕ್ಕ ಕತ್ತಿ ಕೆಳಗಿಟ್ಟು ಕೇಳಿದಳು.

"ಅದು ಹವಾಮಾನ ಇಲಾಖೆಯವರು ಹೇಳಿದ್ದು, ನಾನು ಓದಿದ್ದು ಅಷ್ಟೇ."

"ಎಂತ ಓದುವುದೋ! ಮೊದಲು ಆ ಹುಡುಗಿ ಓದ್ತಿದ್ದಾಗ ಮಳೆ ಇಷ್ಟು ಜೋರಿರ್ಲಿಲ್ಲ."