ಗಗನ ನೋಡುತ್ತಾ ಮಲಗಿದ ಟೊಮೆಟೊ

ರೇಟು ಏರಿದ ದಿನ ನಮ್ಮ ಬೀದಿಯ ತರಕಾರಿ ಅಂಗಡಿಯವರು ಹೇಳುವುದು ಮೂರೇ ಮಾತು: ‘ಜಾಸ್ತಿ ಆಗಿದೆ ಅಕ್ಕ.’ ಅದೇ ಟೊಮೆಟೊ ಮರುದಿನ ಪೇಪರಿಗೆ ಬರುವಷ್ಟರಲ್ಲಿ ‘ಗಗನಮುಖಿ’ ಆಗಿರುತ್ತದೆ.

ಗಗನಮುಖಿ! ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ನಾಟಕ ಕಂಪನಿಯ ರಾಜಕುಮಾರಿ ಹೆಸರಿನ ಹಾಗಿದೆ. ಮನೆಯಲ್ಲಿ ಯಾರಾದರೂ ಈ ಪದ ಆಡಿದ್ದು ಕೇಳಿದ್ದೀರಾ? ‘ಏನ್ರೀ, ಹಾಲು ಗಗನಮುಖಿಯಾಗ್ತಿದೆ, ಬೇಗ ಸ್ಟವ್ ಆರಿಸ್ರೀ’ ಅಂತ ನಮ್ಮ ಮನೆಯಲ್ಲಂತೂ ಇವತ್ತಿನವರೆಗೆ ಯಾರೂ ಕೂಗಿಲ್ಲ.

ಪದ ಬಿಡಿಸಿದರೆ ಇನ್ನೂ ಮಜಾ. ಗಗನದ ಕಡೆ ಮುಖ ಮಾಡಿದ್ದು ಗಗನಮುಖಿ, ಅಷ್ಟೇ. ಏರಿತು, ಹಾರಿತು ಅಂತ ಅದರಲ್ಲಿ ಎಲ್ಲೂ ಇಲ್ಲ. ಪೂರ್ವಕ್ಕೆ ಬಾಗಿಲಿರುವ ಮನೆ ಪೂರ್ವಾಭಿಮುಖ. ಅದೇನು ಎದ್ದು ಪೂರ್ವಕ್ಕೆ ನಡೆಯುತ್ತದಾ? ನನ್ನ ಕೇಳಿದರೆ ಟೆರೇಸಿನ ಮೇಲೆ ಒಣಹಾಕಿದ ಹಪ್ಪಳವೇ ಅಸಲಿ ಗಗನಮುಖಿ. ಬಿದ್ದಲ್ಲೇ ಬಿದ್ದುಕೊಂಡು ಸಂಜೆವರೆಗೂ ಆಕಾಶ ನೋಡುತ್ತಿರುತ್ತದೆ. ‘ದುಬಾರಿ’ ಅಂತ ಮೂರಕ್ಷರದಲ್ಲಿ ಮುಗಿಸಬಹುದಿತ್ತು. ಆದರೆ ಅದು ಗಿರಾಕಿಗಳ ಪದ. ರಾತ್ರಿ ಹನ್ನೊಂದಕ್ಕೆ ಕೂತು ಹೆಡ್ಡಿಂಗ್ ಕೊಡುವವರಿಗೂ ಒಂದು ಮರ್ಯಾದೆ ಅಂತ ಬೇಡವಾ?

2023ರ ಜುಲೈ ನೆನಪಿದೆಯಲ್ಲ? ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಬೆಂಗಳೂರಿನ ಅಂಗಡಿಗಳಲ್ಲಿ ಕೆಜಿಗೆ ನೂರರ ಮೇಲೆ. ಅದೇ ತಿಂಗಳ 14ಕ್ಕೆ ಶ್ರೀಹರಿಕೋಟಾದಿಂದ ಚಂದ್ರಯಾನ-3 ಹೊರಟಿತು. ರಾಕೆಟ್ಟು ನಭಕ್ಕೆ, ಟೊಮೆಟೊ ಗಗನಕ್ಕೆ. ಒಂದೇ ತಿಂಗಳಲ್ಲಿ ಎರಡು ಉಡಾವಣೆ! ರಾಕೆಟ್ಟನ್ನು ಹಾರಿಸಿದವರು ಇಸ್ರೋದವರು ಅಂತ ಎಲ್ಲರಿಗೂ ಗೊತ್ತಿತ್ತು. ಟೊಮೆಟೊ ಮಾತ್ರ ತಾನೇ ಹಾರಿತು. ಗಿಡಕ್ಕೆ ರೋಗ ಬಿದ್ದದ್ದು, ಬೆಳೆ ಕೈಕೊಟ್ಟದ್ದು ಎಲ್ಲ ಐದನೇ ಪ್ಯಾರಾದಲ್ಲಿ. ಅಲ್ಲಿಗೆ ತಲುಪುವಷ್ಟರಲ್ಲಿ ನಮ್ಮ ಕಾಫಿ ಮುಗಿದಿರುತ್ತದೆ. ಹೆಡ್ಡಿಂಗ್ ಓದಿದವರಿಗೆ ಬುಟ್ಟಿಯಲ್ಲಿ ಕೂತಿದ್ದ ‘ಕೆಂಪು ಸುಂದರಿ’ಗೆ ರಾತ್ರೋರಾತ್ರಿ ರೆಕ್ಕೆ ಮೂಡಿದ ಹಾಗೆ.

ಆಗಸ್ಟ್ 23ರ ಸಂಜೆ 6.04ಕ್ಕೆ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಮೆಲ್ಲಗೆ ಇಳಿಯಿತು. ಟೊಮೆಟೊಗೆ ಅಂಥ ಮೆತ್ತನೆ ಇಳಿಯುವ ಭಾಗ್ಯ ಎಲ್ಲಿಂದ ಬರಬೇಕು? ಸೆಪ್ಟೆಂಬರ್ ಹೊತ್ತಿಗೆ ರೇಟು ಬಿದ್ದಾಗ ಅದು ಸೀದಾ ‘ಪಾತಾಳಕ್ಕೆ’. ಗಗನ ಬಿಟ್ಟರೆ ಪಾತಾಳ. ಮಧ್ಯದಲ್ಲಿ ಭೂಮಿ ಅಂತ ಒಂದಿದೆ, ಅಲ್ಲಿ 30 ರೂಪಾಯಿಗೂ ಟೊಮೆಟೊ ಸಿಗುತ್ತದೆ ಅನ್ನುವುದು ಸುದ್ದಿಯೇ ಅಲ್ಲ.

ಅಳತೆಯ ಮಾತಂತೂ ಬಿಡಿ. 2019ರ ಡಿಸೆಂಬರಿನಲ್ಲಿ ಬೆಂಗಳೂರಲ್ಲಿ ಈರುಳ್ಳಿ ಕೆಜಿಗೆ 200 ಮುಟ್ಟಿದಾಗಲೂ ಗಗನ. 2025ರ ಏಪ್ರಿಲ್‌ನಲ್ಲಿ 10 ಗ್ರಾಂ ಚಿನ್ನ ಲಕ್ಷ ರೂಪಾಯಿ ಕಂಡಾಗಲೂ ಅದೇ ಗಗನ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್ಟಿನ ಕನಕಾಂಬರವೂ ಅಲ್ಲಿಗೇ ಹೋಗಿ ಸೇರುತ್ತದೆ. ಗಗನಚುಂಬಿ ಕಟ್ಟಡಗಳು ಮೊದಲೇ ಅಲ್ಲಿವೆ, ಗಗನಸಖಿಯರು ಓಡಾಡುತ್ತಿದ್ದಾರೆ. ಮೆಜೆಸ್ಟಿಕ್ಕಿನಲ್ಲೂ ಇಷ್ಟು ನೂಕುನುಗ್ಗಲು ಇರಲಿಕ್ಕಿಲ್ಲ.

ನಮ್ಮಕ್ಕನ ಮಗ ಒಂದು ದಿನ ಪೇಪರ್ ಹಿಡಿದುಕೊಂಡು ಬಂದ. ‘ಚಿಕ್ಕಮ್ಮ, ಬೀನ್ಸ್ ಗಗನಸಖಿ ಆಗಿದೆಯಂತೆ!’ ನಾನು ತಿದ್ದಲು ಹೋಗಲಿಲ್ಲ. ಆ ವಾರದ ರೇಟಿಗೆ ಬೀನ್ಸನ್ನು ಟ್ರೇಯಲ್ಲಿಟ್ಟು, ನಗುನಗುತ್ತಾ ಒಬ್ಬೊಬ್ಬರಿಗೆ ಒಂದೊಂದು ಹಂಚುವುದೇ ಸರಿ ಇತ್ತು.

ಮೊನ್ನೆ ಅಂಗಡಿಗೆ ಹೋದಾಗ ಸುಮ್ನೆ ಕೆಣಕೋಣ ಅನಿಸಿತು. ‘ಏನಣ್ಣಾ, ಟೊಮೆಟೊ ಗಗನಮುಖಿ ಅಂತೆ?’ ಅಂದೆ. ಅವರು ಹಳೇ ಪೇಪರ್ ಹರಿದು ನನಗೆ ಹಸಿಮೆಣಸಿನಕಾಯಿ ಸುತ್ತಿಕೊಡುತ್ತಿದ್ದರು. ಕೈ ನಿಲ್ಲಿಸಿ ಒಂದು ಕ್ಷಣ ಯೋಚಿಸಿದರು.

‘ಆ ತಳಿ ನಮ್ಮಲ್ಲಿ ಇಲ್ಲ ಅಕ್ಕ. ನಾಟಿ, ಹೈಬ್ರಿಡ್ ಎರಡೇ ಇರೋದು. ಯಾವುದು ಹಾಕಲಿ?’